ಚಿತ್ತಾಪುರದ ರಿಲೇ, ನಮ್ಮ ಸ್ಟೇಷನ್ನಿನ ಗೋಲಾ

ನಮ್ಮ ಓಣಿಯ ಹುಡುಗನೊಬ್ಬನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಪೇಢೆ ಕೊಡಲಿಕ್ಕೆ ಬಂದವನು ಕಟ್ಟೆಯ ಮೇಲೆ ಕುಂತು, "ಕಾಕಾ, ನೀ ಇಷ್ಟು ವರ್ಷ ರೈಲ್ವೆದಾಗ ಏನ್ ಮಾಡ್ದಿ?" ಎಂದು ಕೇಳಿದ.

"ಬೆತ್ತದ ಬಳಿ ಹಿಡಕೊಂಡು ನಿಂತಿದ್ದೆ" ಎಂದೆ.

"ಚ್ಯಾಷ್ಟಿ ಮಾಡಬ್ಯಾಡ ಕಾಕಾ."

ಚ್ಯಾಷ್ಟಿ ಅಲ್ಲ, ಖರೇ ಮಾತು. ಆದರೆ ಬಳಿ, ಅಂದರೆ ಬೆತ್ತ ಬಾಗಿಸಿ ಮಾಡಿದ ದೊಡ್ಡ ಬಳೆ, ಹಿಡಿದು ನಿಲ್ಲುವುದು ಅಂದರೇನು ಅಂತ ಒಂದು ಪೇಢೆ ತಿನ್ನುವಷ್ಟರಲ್ಲಿ ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವವರು ಓದಲಿ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಅಂಗಿಯ ಬಣ್ಣ ಬದಲಾಯಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿ ಯಾರಿಗೇನು ಆಗಬೇಕು?

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಸೇಡಂ ದಾಟಿ ಪೂರ್ವಕ್ಕೆ ಹೋಗುವ ಹಳಿ ಆಗ ಒಂದೇ ಇತ್ತು. ಹೋಗುವ ಗಾಡಿಗೂ ಅದೇ, ಬರುವ ಗಾಡಿಗೂ ಅದೇ. ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬಂದರೆ ಗತಿ ಏನು? ಆ ಗತಿ ಬರಬಾರದೆಂದೇ ಗೋಲಾ ಇತ್ತು. ಕಾಗದದಲ್ಲಿ ಅದರ ಹೆಸರು ಟೋಕನ್, ನಮ್ಮ ಬಾಯಲ್ಲಿ ಗೋಲಾ. ಅಂಗೈಯಲ್ಲಿ ಹಿಡಿಯುವಂಥ ಉಕ್ಕಿನ ಗುಂಡು. ಎರಡು ಸ್ಟೇಷನ್ನುಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಗುಂಡು ಸ್ಟೇಷನ್ನಿನ ಯಂತ್ರದಿಂದ ಹೊರಗೆ ಬರುತ್ತಿತ್ತು. ಅದು ಯಾವ ಡ್ರೈವರನ ಹತ್ತಿರ ಇರುತ್ತದೋ ಆ ಹಳಿ ಅವನದು. ಗೋಲಾ ಇಲ್ಲದೆ ಯಾವ ಡ್ರೈವರನೂ ಒಂದು ಮಾರು ಮುಂದೆ ಹೋಗುವಂತಿರಲಿಲ್ಲ.

ನಿಲ್ಲುವ ಗಾಡಿಗೆ ಗೋಲಾ ಕೊಡುವುದರಲ್ಲಿ ದೊಡ್ಡಸ್ತಿಕೆ ಇಲ್ಲ. ನಮ್ಮದು ಚಿತ್ತಾಪುರದ ಆಚೆಗಿನ ಸಣ್ಣ ಸ್ಟೇಷನ್. ಪ್ಯಾಸೆಂಜರ್ ಬಿಟ್ಟರೆ ಬಾಕಿ ಗಾಡಿಗಳು ನಮ್ಮ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದವು. ಅವುಗಳಿಗೆ ಗೋಲಾವನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳಿಗೆ ಕಟ್ಟಿ, ಆ ಬಳಿಯನ್ನು ಎತ್ತಿ ಹಿಡಿದು ಪ್ಲಾಟ್‌ಫಾರ್ಮಿನ ಅಂಚಿಗೆ ನಿಲ್ಲಬೇಕು. ಉಗಿ ಎಂಜಿನ್ ಧಡಧಡ ಬರುತ್ತದೆ. ಫೈರ್‌ಮನ್ ಎಂಜಿನ್ನಿನ ಬಾಗಿಲಲ್ಲಿ ನಿಂತು, ಹಿಂದಿನ ಸ್ಟೇಷನ್ನಿನ ಬಳಿಯನ್ನು ಕೆಳಗೆ ಒಗೆದು, ನನ್ನ ಬಳಿಯೊಳಗೆ ತೋಳು ತೂರಿಸಿ ಎಳೆದುಕೊಂಡು ಹೋಗುತ್ತಾನೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ನನ್ನ ಪಾಯಿಂಟ್ಸ್‌ಮನ್ ಕೆಲಸದಲ್ಲಿ ಹಳಿಯ ಕೀಲು ತಿರುಗಿಸುವುದು, ದೀಪ ಒರೆಸುವುದು, ಕೈಗಂಟೆ ಬಾರಿಸುವುದು ಎಲ್ಲ ಇತ್ತು. ಆದರೆ ಜೀವ ಬಾಯಿಗೆ ಬರುತ್ತಿದ್ದದ್ದು ಆ ಕಣ್ಣು ಮಿಟುಕಿನಲ್ಲಿ.

ಮೊದಲ ಸಲ ಬಳಿ ಕೊಟ್ಟಾಗ ನಾನು ಬಳಿಯನ್ನು ಬಿಡಲೇ ಇಲ್ಲ. ಸರಕಾರಿ ಸಾಮಾನು, ಗಟ್ಟಿ ಹಿಡಿಯಬೇಕು ಎಂಬುದೊಂದೇ ತಲೆಯಲ್ಲಿತ್ತು. ಫೈರ್‌ಮನ್ ಆ ಕಡೆ ಎಳೆದ, ನಾನು ಈ ಕಡೆ ಎಳೆದೆ. ಎಂಜಿನ್ನು ನನಗಿಂತ ಬಲವಾಗಿತ್ತು. ನಾಲ್ಕು ಹೆಜ್ಜೆ ಓಡಿ, ಐದನೆಯದಕ್ಕೆ ಹಳಿಬದಿಯ ಕಂಕರಿನ ಮೇಲೆ ಬಿದ್ದೆ. ಚಡ್ಡಿಯ ಹಿಂಭಾಗ ಅಲ್ಲೇ ಉಳಿಯಿತು. ನಮ್ಮ ಸ್ಟೇಷನ್ ಮಾಸ್ತರ ನರಸಿಂಗರಾಯರು ಬಾಗಿಲಲ್ಲಿ ನಿಂತು ನೋಡಿದರು.

"ಏಮಯ್ಯಾ ಸಾಬಣ್ಣ, ಗೋಲಾ ಕೊಡು ಅಂದರ ನೀನೇ ಗಾಡಿ ಸಂಗಟ ಹೊಂಟಿದ್ದಿಯಲ್ಲೋ! ಟಿಕೀಟು ತಗಿಸಿದ್ದಿ ಏನು?"

ನರಸಿಂಗರಾಯರು ತಾಂಡೂರಿನ ಕಡೆಯವರು. ತೆಲುಗಿನಲ್ಲಿ ಬಯ್ಯಲು ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಬಯ್ದ ಮೇಲೆ ಚಹಾ ಕುಡಿಸುತ್ತಿದ್ದರು. ಎಷ್ಟು ಜೋರಾಗಿ ಬಯ್ದರೋ ಅಷ್ಟು ಸಕ್ಕರೆ. ಆ ದಿನದ ಚಹಾ ಪಾಕದ ಹಾಗಿತ್ತು.

ಇನ್ನೊಂದು ಸಲ ಫೈರ್‌ಮನ್ ಒಗೆದ ಬಳಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲದೆ ಗಾಲಿಯ ಹಾಗೆ ಉರುಳಿಕೊಂಡು ಇಳಿಜಾರು ಹಿಡಿದು ತೊಗರಿಯ ಹೊಲಕ್ಕೆ ಹೋಯಿತು. ಆ ಗೋಲಾ ವಾಪಸ್ಸು ಯಂತ್ರಕ್ಕೆ ಬೀಳುವ ತನಕ ಹಿಂದಿನ ಹಳಿ ಬಂದ್. ಎದೆಮಟ್ಟ ತೊಗರಿಯಲ್ಲಿ ನಾವು ಮೂವರು ತೆವಳುತ್ತಿದ್ದೆವು. ಅತ್ತ ಒಂದು ಮಾಲುಗಾಡಿ ಸೀಟಿಯ ಮೇಲೆ ಸೀಟಿ ಹೊಡೆಯುತ್ತ ನಿಂತಿತ್ತು. ಕೊನೆಗೆ ಆಡು ಕಾಯುವ ಮುದುಕಿಯೊಬ್ಬಳು ಬಳಿಯನ್ನು ಹೆಗಲಿಗೆ ಹಾಕಿಕೊಂಡು ನಿಧಾನಕ್ಕೆ ಬಂದಳು. "ತಮ್ಮಾ, ನಿಮ್ಮ ಗಾಡಿ ಓಡೋ ಭರಕ್ಕ ಬಳಿ ಕಳಕೊಂಡಾಳ ನೋಡು. ಕೈ ಭಾಳ ದಪ್ಪ ಅದ ಆಕಿದು" ಎಂದಳು.

ಇವು ನಗುವ ಮಾತು. ಮುಂದಿನದಕ್ಕೆ ನಗಲಿಕ್ಕೆ ನನಗೆ ವರ್ಷಗಳು ಬೇಕಾದವು.

ನಾಲ್ಕು ವರ್ಷ ಬಳಿ ಕೊಟ್ಟು ಪಳಗಿದ್ದೆ. ಒಂದು ಮುಂಜಾನೆ ನಾನು ಅರ್ಧ ಹೆಜ್ಜೆ ಮುಂದೆ ನಿಂತಿದ್ದೆನೋ, ಫೈರ್‌ಮನ್ನನ ತೋಳು ಕೆಳಗೆ ಬಂತೋ ಗೊತ್ತಿಲ್ಲ, ಎಂಜಿನ್ನಿನ ಹಿಡಿಕೆಯ ಸರಳು ನನ್ನ ಮಣಿಕಟ್ಟಿಗೆ ಬಡಿಯಿತು. ಎಲುಬು ಬಿರುಕು ಬಿಟ್ಟಿತು. ಪಟ್ಟಿ ಕಟ್ಟಿದರು, ಬಿಚ್ಚಿದರು, ಎಲುಬು ಕೂಡಿತು. ಕೈ ಮಾತ್ರ ಮೊದಲಿನದಾಗಲಿಲ್ಲ. ಎಂಜಿನ್ ಹತ್ತಿರ ಬರುತ್ತಲೂ ಅದು ತಾನೇ ತಾನಾಗಿ ಅಲ್ಲಾಡುತ್ತಿತ್ತು. ಫೈರ್‌ಮನ್ನನ ತೋಳು ಮೇಲಿದ್ದರೆ ಬಳಿ ಮೇಲಕ್ಕೆ, ಕೆಳಗಿದ್ದರೆ ಕೆಳಕ್ಕೆ. ಹತ್ತಿರ ಬಂದರೆ ಹಿಂದಕ್ಕೆ.

ಬೆಳಗಿನ ಮೇಲ್ ಗಾಡಿಯ ಫೈರ್‌ಮನ್ ಖಾಜಾ ಮಿಯಾ. ಅವನ ಹೆಸರು ನನಗೆ ಮುಂದೆ ವಿಚಾರಣೆಯಲ್ಲಿ ತಿಳಿದದ್ದು. ಅಲ್ಲಿಯ ತನಕ ಅವನ ಮುಖವೂ ನನಗೆ ಗುರ್ತಿರಲಿಲ್ಲ, ತೋಳು ಮಾತ್ರ ಗುರ್ತಿತ್ತು. ಮೊಣಕೈ ಮೇಲೆ ಕರಿ ದಾರದ ತಾಯಿತ ಕಟ್ಟಿದ ಕಪ್ಪನೆಯ ತೋಳು. ಒಂದೇ ತಿಂಗಳಲ್ಲಿ ಆ ತೋಳಿಗೆ ನನ್ನ ಬಳಿ ಎರಡು ಸಲ ತಪ್ಪಿತು. ಎರಡು ಸಲವೂ ಮೇಲ್ ಗಾಡಿ ನಿಂತಿತು, ಫೈರ್‌ಮನ್ ಇಳಿದು ಓಡಿ ಬಂದು ಗೋಲಾ ಒಯ್ದ. ವಿಚಾರಣೆಗೆ ಇಬ್ಬರೂ ಜಬಾನಿ, ಅಂದರೆ ಹೇಳಿಕೆ, ಬರೆದುಕೊಟ್ಟೆವು. ಅವನ ಕೈ ಸರಿಯಿರಲಿಲ್ಲ ಅಂತ ನಾನು, ನನ್ನ ಕೈ ಸರಿಯಿರಲಿಲ್ಲ ಅಂತ ಅವನು.

ನರಸಿಂಗರಾಯರು ನನ್ನನ್ನು ಒಳಗೆ ಕರೆದರು. ಅವತ್ತು ಬಯ್ಯಲಿಲ್ಲ. ಅದಕ್ಕೇ ಹೆದರಿದೆ.

"ಸಾಬಣ್ಣ, ಕಾಗದ ಬಂದದ. ಇನ್ನೊಂದು ಸಲ ಗೋಲಾ ತಪ್ಪಿತು ಅಂದರ ನಿನ್ನ ಇಲ್ಲಿಂದ ತಗೀತಾರ. ಸೇಡಂ ಆಚೆ ಕಾಡಿನಾಗ ಒಂದು ಗೇಟು ಅದ, ಅಲ್ಲಿಗಿ. ಇನ್‌ಸ್ಪೆಕ್ಟರ್ ಸಾಹೇಬ್ರು ತಾವೇ ಬಂದು ನೋಡ್ತೀನಿ ಅಂದಾರ. ಯಾವತ್ತು ಬರ್ತಾರ ಹೇಳಿಲ್ಲ."

ಗೇಟು ಕಾಯುವ ಕೆಲಸ ಕೀಳೆಂದು ನಾನು ಹೇಳುವವನಲ್ಲ. ಆದರೆ ನನ್ನ ಮಗಳು ಮಹಾದೇವಿ ಆಗ ಒಂಬತ್ತನೆಯ ಇಯತ್ತೆ. ದಿನಾ ಮುಂಜಾನೆಯ ಪ್ಯಾಸೆಂಜರ್ ಹತ್ತಿ ಚಿತ್ತಾಪುರದ ಹೈಸ್ಕೂಲಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದಳು. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ಆ ಗೇಟಿನ ಹತ್ತಿರ ಗಾಡಿ ನಿಲ್ಲುವುದಿಲ್ಲ, ಊರಿಲ್ಲ. ನಾನು ಅಲ್ಲಿಗೆ ಹೋದರೆ ಅವಳ ಸಾಲೆ ಮುಗಿಯಿತು. ನನ್ನ ಹೆಂಡತಿ ನಾಗಮ್ಮ ಮಾತು ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಕೈ ನಿಂದು. ಅದಕ್ಕ ಹೇಳಾಕ ಬರಂಗಿಲ್ಲ ಏನು?"

ಹೇಳಿದ್ದೆ. ಕೇಳುತ್ತಿರಲಿಲ್ಲ.

ಆ ವಾರದಲ್ಲೇ ಚಿತ್ತಾಪುರದಲ್ಲಿ ಹೈಸ್ಕೂಲಿನ ಮಕ್ಕಳ ಓಟದ ಪಂದ್ಯ. ವಾಡಿ, ಶಹಾಬಾದಿನವರು ಬರುವವರಿದ್ದರು, ಸೇಡಂ, ಚಿಂಚೋಳಿಯವರನ್ನೂ ಕರೆದಿದ್ದರು. ಮೈಸೂರು ರಾಜ್ಯಕ್ಕೆ ಇನ್ನೂ ಕರ್ನಾಟಕ ಅಂತ ಹೆಸರು ಬಂದಿರಲಿಲ್ಲ. ಹುಡುಗಿಯರು ಬಯಲಿನಲ್ಲಿ ಓಡುತ್ತಾರೆ ಅಂದರೆ ಜನ ಮೂಗಿನ ಮೇಲೆ ಬೆರಳಿಡುತ್ತಿದ್ದ ಕಾಲ. ಮಹಾದೇವಿ ರಿಲೇ ಓಟದಲ್ಲಿದ್ದಳು. "ಅಪ್ಪಾ, ನೀ ಬರಲೇಬೇಕು" ಎಂದಳು. ನನ್ನ ಮನಸ್ಸು ಎಲ್ಲಿತ್ತೋ, ಆದರೂ ರಜೆಯ ದಿನವಾದ್ದರಿಂದ ಹೋದೆ.

ಕರಿ ಮಣ್ಣಿನ ಬಯಲು. ಮುಳ್ಳು ಆರಿಸಿ, ಸುಣ್ಣದ ಗೆರೆ ಎಳೆದಿದ್ದರು. ಶಹಾಬಾದಿನ ಹುಡುಗಿಯರು ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. ಜಿಂಕೆಗಳ ಹಾಗೆ ಇದ್ದರು. ಚಿಂಚೋಳಿಯವರು ಬರಿಗಾಲು, ಮೈಯಲ್ಲಿ ಸಣ್ಣವರು. ಅವರನ್ನು ನೋಡಿ ನನ್ನ ಪಕ್ಕದಲ್ಲಿ ನಿಂತಿದ್ದ ಪೇಟದ ಮುದುಕ, "ಇವು ಓಡಾಕ ಬಂದಾವೋ, ಕಸ ಹೊಡ್ಯಾಕ ಬಂದಾವೋ?" ಎಂದು ಬಾಯಿ ತುಂಬ ನಕ್ಕ.

ರಿಲೇ ಅಂದರೆ ನಾಲ್ವರ ಓಟ. ಒಬ್ಬಳು ಕೋಲು ಹಿಡಿದು ಓಡಿ ಬಂದು ಮುಂದೆ ಓಡುವವಳ ಕೈಗೆ ಕೊಡಬೇಕು. ಕೋಲು ಬೀಳಬಾರದು. ಇದನ್ನು ನಾನು ಕಂಡದ್ದು ಅದೇ ಮೊದಲು. ಸೀಟಿ ಊದುತ್ತಲೂ ಶಹಾಬಾದಿನವರು ಮುಂದೆ ಹೋದರು. ಆದರೆ ಕೋಲು ಬದಲಿಸುವ ಗೆರೆಯ ಹತ್ತಿರ ಅವರ ಎರಡನೆಯ ಹುಡುಗಿ ಹಿಂದಕ್ಕೆ ತಿರುಗಿ ಹುಡುಕಿದಳು, ನಿಂತಳು, ತಗೊಂಡಳು. ಚಿಂಚೋಳಿಯವರು ಅಲ್ಲಿ ತಿರುಗಲೇ ಇಲ್ಲ. ತಗೊಳ್ಳುವವಳು ಓಡುತ್ತಲೇ ಕೈಯನ್ನು ಹಿಂದಕ್ಕೆ ಚಾಚಿದಳು. ಆ ಕೈ ಗೋಡೆಗೆ ಬಡಿದ ಗೂಟದ ಹಾಗೆ ನಿಂತಿತ್ತು. ಹಿಂದಿನವಳು ಬಂದು ಕೋಲನ್ನು ಅದರೊಳಗೆ ಇಟ್ಟಳು. ಅಷ್ಟೇ. ಕಾಲು ಸಣ್ಣವಾದರೇನು, ಪ್ರತಿ ಗೆರೆಯಲ್ಲೂ ಅವರು ಎರಡು ಮಾರು ಮುಂದೆ ಬರುತ್ತಿದ್ದರು.

ನಾನು ಓಟ ನೋಡುವುದನ್ನು ಬಿಟ್ಟೆ. ಕೈಗಳನ್ನು ನೋಡುತ್ತ ನಿಂತೆ.

ಮಹಾದೇವಿ ಓಡಿ ಬಂದಳು, ಹಲ್ಲು ಕಚ್ಚಿಕೊಂಡು, ಜಡೆ ಹಾರುತ್ತ. ಮುಂದಿನ ಹುಡುಗಿ ಕೈ ಚಾಚಿದ್ದಳು. ಆದರೆ ಆ ಕೈ ನಿಲ್ಲಲಿಲ್ಲ. ಮೇಲೆ, ಕೆಳಗೆ, ಅತ್ತ, ಇತ್ತ ಕೋಲನ್ನು ಹುಡುಕಿತು. ಮಹಾದೇವಿಯೂ ಕೋಲನ್ನು ಆ ಕೈಯ ಹಿಂದೆಯೇ ಅತ್ತ ಇತ್ತ ಓಡಿಸಿದಳು. ಕೋಲು ಬೆರಳಿಗೆ ತಾಗಿ ನೆಲಕ್ಕೆ ಬಿತ್ತು.

ನನ್ನ ಮಣಿಕಟ್ಟು ಝುಂ ಎಂದಿತು. ಅದು ನನ್ನದೇ ಬಳಿ ಬಿದ್ದಂತಿತ್ತು.

ಬೇವಿನ ಗಿಡದ ಕೆಳಗೆ ಮಗಳು ಮುಖ ಮುಚ್ಚಿಕೊಂಡು ಕುಂತಿದ್ದಳು. ನಾನು ಏನು ಹೇಳಲಿ ಅಂತ ನಿಂತಿದ್ದಾಗ ಅವಳ ಸಾಲೆಯ ಡ್ರಿಲ್ ಮಾಸ್ತರ ಗುರುನಾಥ ಮಾಸ್ತರು ಬಂದರು. ಕೊರಳಲ್ಲಿ ಸೀಟಿ, ಕಾಲಲ್ಲಿ ಸುಣ್ಣ ಹತ್ತಿದ ಚಪ್ಪಲಿ.

"ಅಳಬ್ಯಾಡವಾ. ನಿನ್ನ ಒಬ್ಬಾಕಿ ತಪ್ಪಲ್ಲ ಅದು. ಎರಡೂ ಕೈ ಓಡಿದ್ವು. ಎರಡೂ ಕೈ ಓಡಿದರ ಯಾವ ಕೋಲೂ ನಿಲ್ಲಂಗಿಲ್ಲ."

"ಮಾಸ್ತರ, ಇನ್ನೊಮ್ಮೆ ಹೇಳ್ರಿ" ಎಂದೆ ನಾನು.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವೂ ಓಡೋರೇನ್ರಿ?"

"ಓಡೋದು ಎಂಜಿನ್ರಿ. ನಾನು ನಿಂದ್ರೋನು." ಗೋಲಾದ ಸಂಗತಿಯನ್ನೆಲ್ಲ ಹೇಳಿದೆ. ಮಗಳು ಅಳುವುದನ್ನು ಬಿಟ್ಟು ಕೇಳುತ್ತಿದ್ದಳು. ನನ್ನ ಕೈ ಬೆದರುವ ಮಾತನ್ನು ಅವಳ ಮುಂದೆ ನಾನು ಆಡಿದ್ದು ಅದೇ ಮೊದಲು.

ಮಾಸ್ತರು ನಗಲಿಲ್ಲ. ಒಂದು ಕಡ್ಡಿ ಎತ್ತಿ ನನ್ನ ಕೈಗೆ ಕೊಟ್ಟರು. "ನೋಡ್ರಿ, ಎರಡು ಕೈಯಾಗ ಒಂದು ನಿಂದರಬೇಕು, ಇನ್ನೊಂದು ಬರಬೇಕು. ನಿಂದ್ರೋ ಕೈ ಯಾವುದು, ಬರೋ ಕೈ ಯಾವುದು, ಅದನ್ನ ಮೊದಲೇ ಮಾತಾಡಿಕೊಂಡಿರಬೇಕು. ಚಿಂಚೋಳಿ ಹುಡುಗ್ಯಾರು ತಿಂಗಳಾನುಗಟ್ಟಲೆ ಒಬ್ಬರ ಕೈ ಒಬ್ಬರು ನೋಡ್ಯಾರ. ನೀವು ನಿಮ್ಮ ಫೈರ್‌ಮನ್ ಸಂಗಟ ಯಾವಾಗ ಮಾತಾಡೀರಿ?"

"ಜಬಾನಿದಾಗ ಬಯ್ದಾಡೀವ್ರಿ."

"ಅದು ಮಾತಲ್ಲ. ಹೋಗಿ ಮಾತಾಡ್ರಿ."

ಮೂರು ದಿನ ಬಿಟ್ಟು ಮಧ್ಯಾಹ್ನದ ಗಾಡಿಗೆ ವಾಡಿಗೆ ಹೋದೆ. ಎಂಜಿನ್ನಿನವರು ದಣಿವಾರಿಸಿಕೊಳ್ಳುವ ರನ್ನಿಂಗ್ ರೂಮಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಹತ್ತು ಹನ್ನೆರಡು ಮಂದಿ. ಯಾರ ಮುಖವೂ ಗೊತ್ತಿಲ್ಲ. ಒಬ್ಬ ಗಿಡ್ಡನೆಯ ಮನುಷ್ಯ ರೊಟ್ಟಿ ಮುರಿಯುತ್ತಿದ್ದ. ಅವನ ತೋಳಿನಲ್ಲಿ ತಾಯಿತ. ಇಂಥ ಎತ್ತರದ ತೋಳಿಗೆ ಇಷ್ಟು ಗಿಡ್ಡ ಮನುಷ್ಯ! ಎಂಜಿನ್ನಿನ ಮೇಲೆ ನಿಂತವರೆಲ್ಲ ಭೀಮನೇ ಅಂತ ತಿಳಿದಿದ್ದೆ.

"ಖಾಜಾ ಮಿಯಾ?"

"ಹಾಂ. ನೀ ಯಾರು?"

"ಬಳಿ ತಪ್ಪಿಸಿದಾಂವ."

ರೊಟ್ಟಿಯನ್ನು ಕೆಳಗಿಟ್ಟ. ಜಗಳಕ್ಕೇ ಬಂದೆ ಅಂತ ಅವನೂ ತಿಳಿದ, ಸುತ್ತಲಿನವರೂ ತಿಳಿದರು. ಒಬ್ಬ ಮಂಚದ ಮೇಲಿಂದ ಎದ್ದು ಕುಂತ.

"ಅರೇ ಭಾಯಿ, ನಿನ್ನ ಕೈ ಹಾವು ಅದ ಏನು? ನಾ ತೋಳು ಹಾಕೋ ತನಕ ಇಲ್ಲಿ, ಹಾಕಿದ ಮ್ಯಾಲ ಅಲ್ಲಿ!" ಎಂದ.

"ನಿನ್ನ ತೋಳು ನೋಡಿ ನಾ ಸರಿಸ್ತೀನಿ, ನನ್ನ ಬಳಿ ನೋಡಿ ನೀ ಸರಿಸ್ತಿ. ಎರಡೂ ಓಡಾಕತ್ತಾವ. ಅದೇ ಕೇಡು ಆಗ್ಯಾದ, ಖಾಜಾಭಾಯಿ."

ಅವನು ಮನಸ್ಸಿನಲ್ಲೇ ಎಂಜಿನ್ನು ಹತ್ತಿ ನೋಡಿದ ಅಂತ ಕಾಣುತ್ತದೆ. ಆಮೇಲೆ ರೊಟ್ಟಿಯ ತಾಟನ್ನು ನನ್ನ ಕಡೆ ಸರಿಸಿದ. "ಕುಂದ್ರು. ಪುಂಡಿಪಲ್ಲೆ ಅದ, ತಿನ್ನು. ನನಗೂ ಕಾಗದ ಬಂದದ ಮಾರಾಯ. ಎಂಜಿನ್ ಮ್ಯಾಲಿಂದ ಇಳಿಸಿ ಬೂದಿ ಬಳಿಯೋ ಕೆಲಸಕ್ಕ ಹಾಕ್ತೀವಿ ಅಂದಾರ."

ಯಾವ ಕೈ ನಿಲ್ಲಬೇಕು ಎಂಬುದರ ಮೇಲೆ ಅರ್ಧ ತಾಸು ವಾದವಾಯಿತು. ಪ್ರತಿಯೊಬ್ಬನಿಗೂ ಇನ್ನೊಬ್ಬನೇ ನಿಲ್ಲಬೇಕಾಗಿತ್ತು. ಕೊನೆಗೆ ಖಾಜಾ ಎಂದ: "ಎಂಜಿನ್ ಕುಣಿತದ. ಅದರ ಮ್ಯಾಲ ನನ್ನ ತೋಳು ಹ್ಯಾಂಗ ನಿಲ್ಲಸಲಿ? ನಿನ್ನ ಕಾಲು ನೆಲದ ಮ್ಯಾಲ ಅವ. ನೀ ನಿಂದರು, ನಾ ಬರ್ತೀನಿ." ಅವನ ಮಾತು ಸರಿಯಿತ್ತು. ನಿಲ್ಲುವ ಕೈ ನನ್ನದಾಯಿತು. ಬೆದರಿದ ಕೈಯೇ ನಿಲ್ಲಬೇಕು ಅಂತಾಯಿತು.

ಖಾಜಾನ ರಜೆಯ ದಿನ ಅವನು ನಮ್ಮ ಸ್ಟೇಷನ್ನಿಗೆ ಬಂದ. ಎಂಜಿನ್ ಎಲ್ಲಿಂದ ತರುವುದು? ನರಸಿಂಗರಾಯರು ತಮ್ಮ ಸೈಕಲ್ ಕೊಟ್ಟರು. ಸೈಕಲ್ ಹೊಡೆಯಲಿಕ್ಕೆ ಬೇರೆ ಯಾರೂ ಸಿಗದೆ ತಾವೇ ಹತ್ತಿದರು. ಬಿಳಿ ಕೋಟು, ಟೋಪಿ ಹಾಕಿಕೊಂಡ ಸ್ಟೇಷನ್ ಮಾಸ್ತರರು ಪ್ಲಾಟ್‌ಫಾರ್ಮಿನ ಕೆಳಗಿನ ಹಾದಿಯಲ್ಲಿ ಸೈಕಲ್ ತುಳಿಯುತ್ತ, ಹಿಂದಿನ ಕ್ಯಾರಿಯರಿನ ಮೇಲೆ ತೋಳು ಚಾಚಿ ಕುಂತ ಖಾಜಾ ಮಿಯಾನನ್ನು ಹೊತ್ತು, "ಕೂ..." ಎಂದು ಕೂಗುತ್ತ ಬರುತ್ತಿದ್ದರು. ನಾನು ಬಳಿ ಹಿಡಿದು ಬಾಗಿ ನಿಂತಿದ್ದೆ. ಪ್ಯಾಸೆಂಜರಿಗೆ ಕಾಯುತ್ತಿದ್ದ ಸೇಡಂ ಸಂತೆಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

ಸರಿ ತಪ್ಪು ಹೇಳುವ ಪಂಚ್ ಮಹಾದೇವಿ. ಚೂರು ಅಲುಗಿದರೂ ಸಾಕು, "ಅಪ್ಪಾ, ಕೈ ಓಡ್ತು!" ಎಂದು ಒದರುತ್ತಿದ್ದಳು.

"ಓಡಿಲ್ಲ, ಗಾಳಿ!"

"ಗಾಳಿ ಇಲ್ಲ. ಕೈಯೇ. ಮತ್ತೊಮ್ಮೆ!"

"ಏಮ್ಮಾ ಮಹಾದೇವಿ" ಎಂದು ನರಸಿಂಗರಾಯರು ಏದುಸಿರು ಬಿಟ್ಟರು, "ನಿಮ್ಮಪ್ಪನ ಕೈ ನಿಲ್ಲೋದ್ರಾಗ ನನ್ನ ಎದಿ ನಿಲ್ತದ."

ಎಷ್ಟು ಸಲ ಬಿದ್ದೆವೋ ಲೆಕ್ಕವಿಲ್ಲ. ಆದರೆ ಕೆಲಸದ ಒಂದು ಗುಟ್ಟು ಆವತ್ತು ಸಿಕ್ಕಿತು, ಅದನ್ನು ಸಿಕ್ಕ ಹಾಗೇ ಬರೆಯುತ್ತೇನೆ. ಬಳಿಯನ್ನು ಮೊದಲಿನಿಂದಲೇ ಕಲ್ಲಿನಂತೆ ಹಿಡಿದರೆ ಆಗುವುದಿಲ್ಲ, ಯಾಕೆಂದರೆ ಒಂದೊಂದು ಎಂಜಿನ್ನಿನ ಎತ್ತರ ಒಂದೊಂದು. ಹಾಗಂತ ಕೊನೆಯ ತನಕ ಸರಿಸುತ್ತಲೇ ಹೋದರೂ ಆಗುವುದಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿಗೆ ಒಂದು ದೀಪದ ಕಂಬವಿತ್ತು. ಎಂಜಿನ್ ಆ ಕಂಬಕ್ಕೆ ಬರುವ ತನಕ ಎತ್ತರ ಹೊಂದಿಸಿಕೊಳ್ಳುವುದು ನನ್ನ ಪಾಲು. ಕಂಬ ದಾಟಿದ ಮೇಲೆ ನಾನು ಏನೂ ಮಾಡಬಾರದು. ತೋಳು ಮೇಲಿರಲಿ, ಕೆಳಗಿರಲಿ, ಅದು ಅವನ ಪಾಲು. ಏನೂ ಮಾಡದೆ ಇರುವುದು ಅಂದರೆ ಸುಮ್ಮನಿರುವುದು ಅಂತ ತಿಳಿಯಬೇಡಿ. ಅಷ್ಟು ದೊಡ್ಡ ಕಬ್ಬಿಣ ಮೈಮೇಲೆ ಬರುವಾಗ ಏನೂ ಮಾಡದೆ ಇರುವಷ್ಟು ಕಷ್ಟದ ಕೆಲಸವನ್ನು ನಾನು ಬೇರೆ ಮಾಡಿಲ್ಲ.

ಮುಂದೆ ಹದಿನೈದು ದಿನ ಖಾಜಾನ ತೋಳು ನನ್ನ ಬಳಿಯನ್ನು ಒಂದು ಸಲವೂ ಬಿಡಲಿಲ್ಲ. ಕೈಯಲ್ಲಿ ಧೈರ್ಯ ಬರುತ್ತಿತ್ತು. ಆದರೆ ನಮ್ಮ ಒಪ್ಪಂದ ಇದ್ದದ್ದು ಖಾಜಾ ಒಬ್ಬನ ಜೊತೆ ಮಾತ್ರ.

ಇನ್‌ಸ್ಪೆಕ್ಟರ್ ಸಾಹೇಬರು ಒಂದು ಮುಂಜಾನೆ ಹೇಳದೆ ಕೇಳದೆ ಪ್ಯಾಸೆಂಜರಿನಿಂದ ಇಳಿದರು. ಎತ್ತರದ ಮನುಷ್ಯ, ಮಾತು ಕಡಿಮೆ. ಮೇಲ್ ಗಾಡಿ ಬರುವ ಹೊತ್ತಿಗೆ ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತರು. ನರಸಿಂಗರಾಯರು ಬಾಗಿಲಲ್ಲಿ ತುಟಿ ಅಲುಗಿಸುತ್ತಿದ್ದರು. ಯಾವ ದೇವರನ್ನು ಕರೆಯುತ್ತಿದ್ದರೋ.

ಹೊಗೆ ಕಂಡಿತು. ಸೀಟಿ ಕೇಳಿತು. ಎಂಜಿನ್ ದೀಪದ ಕಂಬದ ಹತ್ತಿರ ಬಂತು. ತೋಳು ಹೊರಗೆ ಬಂತು.

ತಾಯಿತ ಇರಲಿಲ್ಲ. ಎಳೆಯ ತೋಳು, ಸಪೂರ. ಖಾಜಾ ಅಲ್ಲ.

ಹೊಸ ಫೈರ್‌ಮನ್ನನ ತೋಳು ಒಂದು ಗೇಣು ಕೆಳಗಿತ್ತು. ನನ್ನ ಮಣಿಕಟ್ಟು ತಾನೇ ಇಳಿಯಲಿಕ್ಕೆ ಹೊರಟಿತು. ಇಳಿಸಿದರೆ ಸಿಕ್ಕೀತು ಅಂತ ಕಣ್ಣು ಹೇಳಿತು. ಕಂಬ ದಾಟಿತ್ತು. ಹಲ್ಲು ಕಚ್ಚಿ ನಿಂತೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ತೋಳು ಮೇಲೆದ್ದಿತು. ಬಳಿ ನನ್ನ ಬೆರಳಿನಿಂದ ಹೂವಿನ ಹಾಗೆ ಕಳಚಿಕೊಂಡು ಹೋಯಿತು. ದಾಟಿ ಹೋಗುವ ಎಂಜಿನ್ನಿನಿಂದ ಎಳೆಯ ದನಿಯೊಂದು ಒದರಿತು: "ಕಂಬ ದಾಟಿದ ಮ್ಯಾಲ ನೀ ಕಲ್ಲು ಅಂತ ಖಾಜಾಭಾಯಿ ಹೇಳ್ಯಾರೋ ಕಾಕಾ!"

ರನ್ನಿಂಗ್ ರೂಮಿನಲ್ಲಿ ರೊಟ್ಟಿಯ ಜೊತೆ ಆ ಗಿಡ್ಡ ಮನುಷ್ಯ ನನ್ನ ಕೈಯ ಮಾತನ್ನೂ ಎಲ್ಲರಿಗೂ ಹಂಚಿದ್ದ.

ಸಾಹೇಬರು ಮುಂದೆ ಬಂದರು. "ಆ ಹುಡುಗನ ಕೈ ಕೆಳಗಿತ್ತು. ನೀ ಯಾಕ ಸರಿಸಲಿಲ್ಲ?"

"ಸರಿಸಿದ್ದರ ತಪ್ಪತಿತ್ರಿ."

"ಇದನ್ನ ಯಾರು ಕಲಿಸಿದರು?"

"ಚಿಂಚೋಳಿ ಹೈಸ್ಕೂಲಿನ ಹೆಣ್ಣುಮಕ್ಕಳು ಓಡೋದು ನೋಡಿ ಕಲ್ತೀನ್ರಿ."

ನರಸಿಂಗರಾಯರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸಾಹೇಬರ ಮುಖ ಗಂಟಾಯಿತು. "ನನ್ನ ಮುಂದ ಮಷ್ಕಿರಿ ಮಾಡ್ತಿ?"

ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಎಂಜಿನ್ನನ್ನು ತಡೆದುಕೊಂಡ ಮೇಲೆ ಸಾಹೇಬರ ಹೆದರಿಕೆ ನನಗೆ ಆಗಲೇ ಇಲ್ಲ. ಫೈರ್‌ಮನ್ ಒಗೆದುಹೋದ ಬಳಿಯಿಂದ ಚೀಲ ಬಿಚ್ಚಿ ಗೋಲಾವನ್ನು ಮಾಸ್ತರ ಕೈಗೆ ಕೊಟ್ಟು, ಬರಿ ಬಳಿಯನ್ನು ಸಾಹೇಬರಿಗೆ ಚಾಚಿದೆ. "ಮಷ್ಕಿರಿ ಅಲ್ರಿ. ಒಂದು ಘಳಿಗಿ ಇದನ್ನ ಹಿಡಕೊಂಡು ನಿಂದರ್ರಿ ಸಾಹೇಬ್ರ. ನಾನೇ ಎಂಜಿನ್."

ಅವರು ಹಿಡಿದರು. ಯಾಕೆ ಹಿಡಿದರೋ. ನಾನು ದೀಪದ ಕಂಬಕ್ಕೆ ಹೋಗಿ ಅಲ್ಲಿಂದ ತೋಳು ಚಾಚಿಕೊಂಡು ಓಡಿ ಬಂದೆ. ಹತ್ತಿರ ಬರುತ್ತಲೂ ಸಾಹೇಬರು ನನಗೆ ಉಪಕಾರ ಮಾಡಲಿಕ್ಕೆಂದು ಬಳಿಯನ್ನು ಇತ್ತ ಸರಿಸಿದರು. ಅದು ನನ್ನ ಕಿವಿಗೆ ಬಡಿದು ಅವರ ಬೂಟಿನ ಮೇಲೆ ಬಿತ್ತು.

"ನಿಮ್ಮ ಕೈ ಓಡ್ತರಿ ಸಾಹೇಬ್ರ" ಎಂದೆ. "ಈಗ ನಿಂದರಸ್ರಿ. ನಾ ಎಲ್ಲಿ ಬಂದರೂ ನೀವು ಅಲುಗಬ್ಯಾಡ್ರಿ."

ಎರಡನೆಯ ಸಲ ಅವರು ಕಣ್ಣು ಮುಚ್ಚಿಕೊಂಡೇ ನಿಂತರು. ಬಳಿ ಸರಕ್ಕನೆ ನನ್ನ ತೋಳಿಗೆ ಇಳಿಯಿತು. ಬರಿದಾದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಆ ಮಾತು ಕಡಿಮೆಯ ಮನುಷ್ಯ ಎಷ್ಟು ನಕ್ಕರೆಂದರೆ ಒಳಗೆ ಗಂಟೆ ಬಡಿದದ್ದು ನಮಗೆ ಕೇಳಲಿಲ್ಲ.

ಜೇಬಿನಿಂದ ಒಂದು ಕಾಗದ ತೆಗೆದರು. ಅದರಲ್ಲಿ ನನ್ನ ಹೆಸರೂ ಆ ಗೇಟಿನ ಹೆಸರೂ ಇದ್ದವು. ಅಡ್ಡಗೆರೆ ಎಳೆದು ಕೆಳಗೆ ಸಹಿ ಹಾಕಿ ನರಸಿಂಗರಾಯರಿಗೆ ಕೊಟ್ಟರು. "ಇವ ಇಲ್ಲೇ ಇರಲಿ. ಹೊಸಬರಿಗೆ ಇವನ ಕಡಿಂದಲೇ ಕಲಸ್ರಿ" ಎಂದರು. ಖಾಜಾನ ಕಾಗದವೂ ಹೀಗೇ ಆಗಬೇಕು ಅಂತ ನಾನು ಕೇಳಿದೆ. "ಬರ್ಕೋತೀನಿ" ಎಂದರು. ಬರೆದರು. ಅವನು ಎಂಜಿನ್ನಿನ ಮೇಲೆಯೇ ಉಳಿದ.

ಮನೆಗೆ ಓಡಿದೆ. ಸ್ಟೇಷನ್ನಿನ ಹಿಂದೆಯೇ ನಮ್ಮ ಒಂದು ಕೋಣೆಯ ಕ್ವಾರ್ಟರ್ಸ್. ಬಾಗಿಲು ತೆಗೆದರೆ ಮನೆ ಬೋಳು. ಇನ್‌ಸ್ಪೆಕ್ಟರ್ ಇಳಿದದ್ದನ್ನು ನಾಗಮ್ಮ ಕಿಟಕಿಯಿಂದ ಕಂಡಿದ್ದಳು. ಕಂಡವಳೇ ಬೋಗುಣಿ, ಕೊಡ, ಹಾಸಿಗೆ, ಜೋಳದ ಚೀಲ ಎಲ್ಲ ಕಟ್ಟಿಬಿಟ್ಟಿದ್ದಳು. ನಾಲ್ಕು ಗಂಟು ಸಾಲಾಗಿ ಇದ್ದವು. ಅವುಗಳ ಮೇಲೆ ಮಹಾದೇವಿ, ಸಾಲೆಗೆ ಹೋಗದೆ, ಮೊಣಕಾಲಿಗೆ ಮುಖ ಇಟ್ಟು ಕುಂತಿದ್ದಳು.

"ಇಲ್ಲೇ ಇರ್ರಿ ಅಂದಾರ" ಎಂದೆ.

ನಾಗಮ್ಮ ಗಂಟುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ಒರೆಸಿಕೊಂಡಳು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು. "ಕಟ್ಟೋದು ನಾ ಕಟ್ಟೀನಿ. ಬಿಚ್ಚೋದು ನೀವು ಅಪ್ಪ ಮಗಳು ಬಿಚ್ಚರಿ."

ಮಹಾದೇವಿ ಆಗಲೇ ಕೆಳಗಿನ ಗಂಟಿಗೆ ಕೈ ಹಾಕಿದ್ದಳು. ಹಗ್ಗ ಬಿಚ್ಚುವ ತಾಳ್ಮೆ ಇಲ್ಲದೆ ಬದಿಯಿಂದಲೇ ತೋಳು ತೂರಿಸಿ, ಹಾಸಿಗೆಯ ನಡುವಿನಿಂದ ತನ್ನ ಪುಸ್ತಕದ ಚೀಲ ಎಳೆದುಕೊಂಡು, "ಅಪ್ಪಾ, ಮಧ್ಯಾಹ್ನದ ಗಾಡಿ ಎಷ್ಟಕ್ಕ ಅದ?" ಎಂದಳು.